ಅರ್ಧಕ್ಕೆ ನಿಂತ ಮಿನಿಯೇಚರ್ ರಾಶಿ: ಕಲಬುರಗಿಯ ಬಿಸಿಲಲ್ಲಿ ಅದನ್ನು ಮುಗಿಸುವ ಕ್ರಮ

ನಮ್ಮ ಊರಿನಲ್ಲಿ ಪುಟಾಣಿ ಬೊಂಬೆಗಳಿಗೆ ಬಣ್ಣ ಬಳಿಯುವ ಹವ್ಯಾಸದವರು ಮಾಡುವ ತಪ್ಪು ಒಂದೇ. ಯುಗಾದಿ ಹೊತ್ತಿಗೆ ಪರೀಕ್ಷೆ ಮುಗಿಯುತ್ತದೆ, ಆಫೀಸಿನಲ್ಲಿ ಮಾರ್ಚ್ ಲೆಕ್ಕ ಮುಗಿಯುತ್ತದೆ. ಈ ಸಲ ಬಾಕಿ ಬೊಂಬೆಗಳನ್ನೆಲ್ಲ ಖತಂ ಮಾಡುತ್ತೇನೆ ಅಂತ ಎಲ್ಲವನ್ನೂ ಒಟ್ಟಿಗೆ ಮಾಳಿಗೆಗೆ ಒಯ್ದು ಪ್ರೈಮರ್ (ಬಣ್ಣ ಹಿಡಿಯಲೆಂದು ಹಾಕುವ ಮೊದಲ ಪದರ) ಸ್ಪ್ರೇ ಹೊಡೆಯುತ್ತಾರೆ. ಮೇ ಹೊತ್ತಿಗೆ ಅರವತ್ತು ಬೊಂಬೆ ಉಸುಕು ಮೆತ್ತಿದ ಹಾಗೆ ಒರಟಾಗಿ, ಧೂಳು ಹಿಡಿದು, ಮತ್ತೆ ಡಬ್ಬಿ ಸೇರಿರುತ್ತವೆ. ಮುಂಚೆ ಇದ್ದದ್ದಕ್ಕಿಂತ ಬಾಕಿ ಜಾಸ್ತಿ. ನಾನೂ ಎರಡು ವರ್ಷ ಹೀಗೇ ಮಾಡಿದ್ದೇನೆ.

ಸ್ಪ್ರೇ ಕೆಲಸ ಹವಾಮಾನ ನೋಡಿ ಮಾಡಬೇಕು, ಬ್ರಷ್ ಕೆಲಸ ವರ್ಷವಿಡೀ ಮಾಡಬಹುದು. ಮುಗಿಯಲು ಹತ್ತಿರ ಇರುವುದನ್ನು ಮೊದಲು ಮುಗಿಸಬೇಕು. ಕೆಳಗಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

ಮಿನಿಯೇಚರ್ ಅಂದ ಕೂಡಲೇ ನಮ್ಮ ಕಡೆ ಸುರಪುರದ ಚಿತ್ರಗಳು ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಅದಲ್ಲ. 28ರಿಂದ 32 ಮಿಲಿಮೀಟರ್ ಅಳತೆಯ ಪ್ಲಾಸ್ಟಿಕ್, ರೆಸಿನ್, ಲೋಹದ ಪುಟಾಣಿ ಬೊಂಬೆಗಳ ವಿಷಯ ಇದು.

## ಮೊದಲು ಕೈಗೆ ಸಿಗಬೇಕಾದವು

ಹೊಸದಾಗಿ ಕೊಳ್ಳುವುದು ಕಡಿಮೆ. ಐದು ಮಿಠಾಯಿ ಡಬ್ಬಿ, ಚೀಟಿ, ಪೆನ್ಸಿಲ್. 0, 1 ಮತ್ತು 2ನೇ ನಂಬರಿನ ದುಂಡು ಬ್ರಷ್, ಒಂದು ಹಳೆಯ ಚಪ್ಪಟೆ ಬ್ರಷ್. ಹಿಡಿಕೆಗೆ ಔಷಧಿ ಬಾಟಲಿಯ ಮುಚ್ಚಳ, ಅದರ ಮೇಲೆ ಡಬಲ್ ಟೇಪ್. ಹಗಲು ಬೆಳಕಿನ ಬಣ್ಣದ ಎಲ್‌ಇಡಿ ದೀಪ, 5000ರಿಂದ 6500 ಕೆಲ್ವಿನ್ ಅಂತ ಬರೆದಿರುವುದು. ಹಳದಿ ಬಲ್ಬಿನಡಿ ಬಳಿದ ಚರ್ಮದ ಬಣ್ಣ ಬೆಳಗ್ಗೆ ನೋಡಿದರೆ ಬೇರೆಯೇ ಆಗಿರುತ್ತದೆ.

ಒದ್ದೆ ಪ್ಯಾಲೆಟ್, ಅಂದರೆ ಬಣ್ಣ ಒಣಗದಂತೆ ಇಟ್ಟು ಕಲಸುವ ತಟ್ಟೆ, ಮಾತ್ರ ನಮ್ಮಲ್ಲಿ ಬೇಕೇ ಬೇಕು. ಗಾಳಿಯಾಡದ ಚಪ್ಪಟೆ ಡಬ್ಬಿಯಲ್ಲಿ ತೆಳು ಸ್ಪಂಜು ಇಟ್ಟು ನೀರು ಕುಡಿಸಿ. ಮೇಲೆ ಕೇಕ್ ಬೇಯಿಸಲು ಬಳಸುವ ಬೇಕಿಂಗ್ ಪೇಪರ್ ಹಾಸಿ. ಮೇಣ ಹಚ್ಚಿದ ಕಾಗದ ತರಬೇಡಿ, ಅದರ ಮೂಲಕ ನೀರು ಮೇಲೆ ಬರುವುದಿಲ್ಲ. ಏಪ್ರಿಲ್‌ನಲ್ಲಿ ಒಣ ತಟ್ಟೆಯ ಮೇಲೆ ಹಾಕಿದ ಅಕ್ರಿಲಿಕ್ ಹನಿ ಚಹಾ ಕುಡಿದು ಬರುವಷ್ಟರಲ್ಲಿ ರಬ್ಬರ್ ಆಗಿರುತ್ತದೆ.

## ಹಂತ 1: ಎಲ್ಲವನ್ನೂ ಕೆಳಗಿಳಿಸಿ, ಸ್ಥಿತಿ ನೋಡಿ ಬೇರ್ಪಡಿಸಿ

ಅಟ್ಟ, ಕಪಾಟು, ಮಂಚದ ಕೆಳಗೆ ಎಲ್ಲೆಲ್ಲಿ ಇವೆಯೋ ಅಷ್ಟನ್ನೂ ಒಂದೇ ಚಾಪೆಯ ಮೇಲೆ ಸುರಿಯಿರಿ. ಮನೆಯವರು ನೋಡಿದರೆ ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ.

ಈಗ ಐದು ಡಬ್ಬಿ. ಒಂದರಲ್ಲಿ ಇನ್ನೂ ಜೋಡಿಸದವು. ಎರಡರಲ್ಲಿ ಜೋಡಿಸಿದ್ದರೂ ಪ್ರೈಮರ್ ಬೀಳದವು. ಮೂರರಲ್ಲಿ ಬಣ್ಣ ಅರ್ಧ ಆದವು. ನಾಲ್ಕರಲ್ಲಿ ಕಣ್ಣು, ಬೇಸ್ (ಬೊಂಬೆ ನಿಲ್ಲುವ ತಟ್ಟೆ), ವಾರ್ನಿಷ್ (ಬಣ್ಣ ಕಾಯುವ ಕೊನೆಯ ಪದರ) ಇಂಥ ಚೂರುಪಾರು ಬಾಕಿ ಇರುವವು. ಐದರಲ್ಲಿ ಕೆಟ್ಟವು: ದಪ್ಪ ಬಣ್ಣ, ಒರಟು ಪ್ರೈಮರ್, ಮುರಿದ ಕೈ.

ಸಾಮಾನ್ಯ ತಪ್ಪು ಎಂದರೆ ಸೆಟ್ ಪ್ರಕಾರ ಬೇರ್ಪಡಿಸುವುದು. ಸೈನಿಕರು ಒಂದು ಕಡೆ, ರಾಕ್ಷಸರು ಒಂದು ಕಡೆ ಇಟ್ಟರೆ ನೋಡಲು ಚೆಂದ. ಆದರೆ ಇವತ್ತು ಕೂತು ಏನು ಮಾಡಬೇಕು ಅನ್ನುವುದು ಗೊತ್ತಾಗುವುದಿಲ್ಲ. ಒಂದೇ ಡಬ್ಬಿಯಲ್ಲಿ ಎಲ್ಲಕ್ಕೂ ಒಂದೇ ಕೆಲಸ ಬಾಕಿ ಇರಬೇಕು.

ಮೂರು ಮತ್ತು ನಾಲ್ಕನೇ ಡಬ್ಬಿಯ ಪ್ರತಿ ಬೊಂಬೆಗೂ ಒಂದು ಚೀಟಿ. ಅದರಲ್ಲಿ ಮುಂದಿನ ಒಂದು ಕೆಲಸ ಮಾತ್ರ ಬರೆಯಿರಿ: ‘ಬೆಲ್ಟಿಗೆ ಕಂದು’, ‘ಬೇಸ್ ಅಂಚು ಕಪ್ಪು’. ಯಾವ ಬಾಟಲಿಯ ಬಣ್ಣ ಬಳಸಿದ್ದಿರಿ ಅನ್ನುವುದು ನೆನಪಿದ್ದರೆ ಅದನ್ನೂ ಬರೆಯಿರಿ. ಆರು ತಿಂಗಳ ಹಿಂದೆ ಕಲಸಿದ ನೀಲಿ ಮತ್ತೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೇ ಎಷ್ಟೋ ಬೊಂಬೆ ನಿಂತುಹೋಗಿರುತ್ತವೆ.

## ಹಂತ 2: ಮೊದಲ ಡಬ್ಬಿಗೆ ಟೇಪ್ ಹಾಕಿ

ಜೋಡಿಸದವು ಬಾಕಿಯ ಲೆಕ್ಕಕ್ಕೆ ಬರುವುದಿಲ್ಲ. ಅವು ಸಾಮಾನು ಅಷ್ಟೇ. ಡಬ್ಬಿ ಮುಚ್ಚಿ, ಟೇಪ್ ಸುತ್ತಿ, ಕಣ್ಣಿಗೆ ಬೀಳದ ಕಡೆ ಇಡಿ. ತಗಡಿನ ಛಾವಣಿಯ ಕೆಳಗೆ ಮಾತ್ರ ಬೇಡ. ತೆಳುವಾದ ರೆಸಿನ್ ಕತ್ತಿ, ಈಟಿಗಳು ಆ ಝಳಕ್ಕೆ ಬಾಗುತ್ತವೆ. ಬಾಗಿದ್ದರೆ ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಯಾಕೆ ತಂದೆ ಅಂತ ನೆನಪೇ ಆಗದ ಬೊಂಬೆಗಳನ್ನು ಯಾರಿಗಾದರೂ ಕೊಟ್ಟುಬಿಡಿ.

## ಹಂತ 3: ನಾಲ್ಕನೇ ಡಬ್ಬಿಯಿಂದ ಶುರು ಮಾಡಿ

ಇಷ್ಟದ ಬೊಂಬೆಯಿಂದ ಶುರು ಮಾಡಲು ಮನಸ್ಸು ಎಳೆಯುತ್ತದೆ. ಬೇಡ. ಇಷ್ಟದ್ದು ಯಾವಾಗಲೂ ಕಷ್ಟದ್ದೇ ಆಗಿರುತ್ತದೆ. ಅದರ ಮುಖದ ಮೇಲೆ ಮೂರು ವಾರ ಹೋಗುತ್ತದೆ. ನಾಲ್ಕನೇ ಡಬ್ಬಿಯಲ್ಲಿ ತಲಾ ಇಪ್ಪತ್ತು ನಿಮಿಷದ ಕೆಲಸ. ನನ್ನ 63ರಲ್ಲಿ 14 ಬೊಂಬೆ ಇಲ್ಲೇ ಇದ್ದವು. ಒಂಬತ್ತಕ್ಕೆ ಬೇಸಿನ ಅಂಚು ಬಳಿಯುವುದಷ್ಟೇ ಬಾಕಿ ಇತ್ತು.

ಇಲ್ಲಿ ಒಂದು ಅಪಾಯದ ಸೂಚನೆ ಇದೆ. ಬೊಂಬೆ ಕೈಗೆತ್ತಿಕೊಂಡ ಕೂಡಲೇ ‘ಈಗ ನನ್ನ ಕೈ ಪಳಗಿದೆ, ಮುಖ ಮತ್ತೆ ಬಳಿಯೋಣ’ ಅನ್ನಿಸುತ್ತದೆ. ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಮಾಡಿ, ಕೆಳಗಿಡಿ. ಒಂದು ಮೊಳ ದೂರದಿಂದ ನೋಡಿ, ಚೆನ್ನಾಗಿ ಕಂಡರೆ ಅದು ಮುಗಿದಿದೆ. ಪ್ರದರ್ಶನಕ್ಕೆ ಕಳಿಸುವ ಬೊಂಬೆಗೆ ಬೇರೆ ಲೆಕ್ಕ. ಅಂಥದ್ದು ವರ್ಷಕ್ಕೆ ಒಂದಿರಲಿ.

## ಹಂತ 4: ಬಾಟಲಿಗಳನ್ನು ಪರೀಕ್ಷಿಸಿ

ರಾಶಿ ನಿಂತಿದ್ದ ಅವಧಿಯಲ್ಲಿ ಬಣ್ಣವೂ ಬೇಸಿಗೆ ಕಂಡಿರುತ್ತದೆ. ವ್ಯಾಲೆಹೊ, ಆರ್ಮಿ ಪೇಂಟರ್ ಥರದ ಕಂಪನಿಗಳ ಹನಿ ಬಾಟಲಿಗಳಲ್ಲಿ ಮೂತಿ ಕಟ್ಟಿಕೊಂಡಿರುತ್ತದೆ. ಪಿನ್ನಿನಿಂದ ಬಿಡಿಸಿ. ಕಟ್ಟಿದ ಮೂತಿಯನ್ನು ಹಾಗೇ ಜೋರಾಗಿ ಒತ್ತಿದರೆ ಮೂತಿಯೇ ಹಾರಿ ಅಂಗಿ ತುಂಬ ಬಣ್ಣ. ಸಿಟಾಡೆಲ್ ಡಬ್ಬಿಗಳಲ್ಲಿ ಮುಚ್ಚಳದ ಅಂಚಿಗೆ ಒಣ ಬಣ್ಣ ಕೂತು, ಸಂದಿಯಿಂದ ಗಾಳಿ ಹೋಗಿರುತ್ತದೆ. ಅಂಚು ಕೆರೆದು ತೆಗೆಯಿರಿ.

ದಪ್ಪ ಆಗಿದ್ದರೆ ಕೆಲವು ಹನಿ ನೀರು ಹಾಕಿ ಚೆನ್ನಾಗಿ ಕುಲುಕಿ. ಉಂಡೆ ಕಟ್ಟಿದ್ದರೆ, ರಬ್ಬರಿನಂತೆ ಎಳೆದರೆ ಎಸೆಯಿರಿ. ಒಮ್ಮೆ ಗಟ್ಟಿಯಾದ ಅಕ್ರಿಲಿಕ್ ಮತ್ತೆ ಬಣ್ಣ ಆಗುವುದಿಲ್ಲ. ಕೊಳೆತ ವಾಸನೆ ಬಂದರೂ ಅಷ್ಟೇ.

ನೀರಿನ ವಿಷಯ ಯಾರೂ ಹೇಳುವುದಿಲ್ಲ. ಬೋರ್‌ವೆಲ್ ನೀರು ಗಡಸು. ಸ್ಟೀಲ್ ಬಕೆಟ್ಟಿನಲ್ಲಿ ಬಿಳಿ ಪೊರೆ ಬಿಡುವ ನೀರು ತೆಳು ವಾಷ್ (ಮಡಿಕೆಗಳಿಗೆ ನೆರಳು ಕೊಡುವ ನೀರಾದ ಬಣ್ಣ) ಒಣಗಿದಾಗ ಬೊಂಬೆಯ ಮಡಿಕೆಗಳಲ್ಲೂ ಬಿಳಿ ಬಿಡುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದರೆ ವರ್ಷ ಬರುತ್ತದೆ. ಬ್ರಷ್ ತೊಳೆಯಲು ನಲ್ಲಿ ನೀರು ಸಾಕು.

## ಹಂತ 5: ಕೆಟ್ಟವನ್ನು ತೊಳೆಯಿರಿ, ಆದರೆ ಎಲ್ಲವನ್ನೂ ಅಲ್ಲ

ಐದನೇ ಡಬ್ಬಿಯ ಬೊಂಬೆಯನ್ನು ದೀಪದ ಕೆಳಗೆ ಹಿಡಿಯಿರಿ. ಬೆರಳು, ಗುಂಡಿ, ಕೂದಲಿನ ಗೆರೆ ಕಾಣುತ್ತಿದ್ದರೆ ಹಳೆಯ ಬಣ್ಣದ ಮೇಲೇ ಮುಂದುವರಿಸಬಹುದು. ಗೆರೆಗಳು ಮುಚ್ಚಿಹೋಗಿದ್ದರೆ ಮಾತ್ರ ಬಣ್ಣ ತೆಗೆಯಿರಿ.

ಗಟ್ಟಿ ಪ್ಲಾಸ್ಟಿಕ್ ಮತ್ತು ಲೋಹಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಆಗುತ್ತದೆ. ಗಾಜಿನ ಡಬ್ಬಿಯಲ್ಲಿ ಮುಳುಗಿಸಿ, ಒಂದೆರಡು ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ರೆಸಿನ್ ಬೊಂಬೆಯನ್ನು ಅಷ್ಟು ಹೊತ್ತು ಬಿಡಬೇಡಿ. ಕೆಲವು ರೆಸಿನ್ ಮೆತ್ತಗಾಗುತ್ತದೆ, ಕೆಲವು ಸೀಳುತ್ತದೆ. ಹತ್ತು ಹತ್ತು ನಿಮಿಷಕ್ಕೆ ತೆಗೆದು ನೋಡಿ. ಕಂದು ಡೆಟಾಲ್ ಕೂಡ ಬಣ್ಣ ಬಿಡಿಸುತ್ತದೆ. ಆದರೆ ಡೆಟಾಲಿನಿಂದ ತೆಗೆದ ಬೊಂಬೆಯನ್ನು ನೇರ ನೀರಿಗೆ ಹಿಡಿದರೆ ಬಿಟ್ಟ ಬಣ್ಣ ಅಂಟಂಟು ಗೋಂದಾಗಿ ಅದಕ್ಕೇ ಮೆತ್ತುತ್ತದೆ. ಮೊದಲು ಡೆಟಾಲಿನಲ್ಲೇ ಉಜ್ಜಿ ಬಣ್ಣ ಪೂರ್ತಿ ತೆಗೆಯಿರಿ, ಆಮೇಲೆ ಪಾತ್ರೆ ಸೋಪು, ಕೊನೆಗೆ ನೀರು.

ಉಗುರು ಬಣ್ಣ ತೆಗೆಯುವ ದ್ರವ ಬೇಡವೇ ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ ಬೊಂಬೆ ಬೆಲ್ಲದ ಪಾಕ ಆಗುತ್ತದೆ. ಇನ್ನು ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತು. ಅಡುಗೆಮನೆಯಲ್ಲಿ, ಊದುಬತ್ತಿ ಹಚ್ಚಿದ ಖೋಲಿಯಲ್ಲಿ ಈ ಕೆಲಸ ಮಾಡಬೇಡಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ, ಮಕ್ಕಳ ಕೈಗೆ ಡಬ್ಬಿ ಸಿಗದಿರಲಿ.

ಮುರಿದ ಭಾಗಗಳಿಗೆ ಅಂಟು ಹಾಕುವುದೂ ಈಗಲೇ. ಪ್ಲಾಸ್ಟಿಕ್ ಸಿಮೆಂಟ್ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ಲೋಹ ಮತ್ತು ರೆಸಿನ್‌ಗೆ ಅದು ಹಿಡಿಯುವುದಿಲ್ಲ. ಅವಕ್ಕೆ ಫೆವಿಕ್ವಿಕ್ ಥರದ ಅಂಟು, ಒಂದೇ ಚುಕ್ಕಿ. ಜಾಸ್ತಿ ಹಾಕಿದರೆ ಹಿಡಿತ ಕಡಿಮೆಯಾಗುತ್ತದೆ, ಸುತ್ತ ಬಿಳಿ ಮಂಜೂ ಕೂರುತ್ತದೆ.

## ಹಂತ 6: ಪ್ರೈಮರ್ — ಇಲ್ಲಿ ಅವಸರ ಮಾಡಿದರೆ ಎಲ್ಲವೂ ಹೋಯಿತು

ಹೆಚ್ಚಿನವರು ಸೋಲುವ ಜಾಗ ಇದೇ. ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಸ್ಪ್ರೇ ಪ್ರೈಮರ್ ಹನಿಹನಿಯಾಗಿ ಹಾರಿ, ಒದ್ದೆಯಾಗಿಯೇ ಬೊಂಬೆಗೆ ತಾಕಿ, ಹರಡಿ, ಪದರ ಆಗಬೇಕು. ನಲವತ್ತು ಡಿಗ್ರಿ ದಾಟಿದ ಒಣ ಗಾಳಿಯಲ್ಲಿ ಹನಿ ದಾರಿಯಲ್ಲೇ ಒಣಗುತ್ತದೆ. ಬೊಂಬೆಗೆ ತಾಕುವುದು ಬರೀ ಪುಡಿ. ಅದೇ ಆ ಉಸುಕಿನ ಮೈ. ಮಳೆಗಾಲದಲ್ಲಿ ಇದರ ಉಲ್ಟಾ. ಗಾಳಿಯ ತೇವ ಪದರದಲ್ಲಿ ಸೇರಿ ಬಿಳಿಚುತ್ತದೆ, ಅಥವಾ ದಿನಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಹೆಚ್ಚಿನ ಸ್ಪ್ರೇಗಳಿಗೆ ಹಿತ ಎನಿಸುವುದು 15ರಿಂದ 25 ಡಿಗ್ರಿ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಆ ಹವೆ ಸಿಗುವುದು ನವೆಂಬರಿನಿಂದ ಫೆಬ್ರವರಿವರೆಗೆ, ಅದೂ ಬೆಳಗ್ಗೆ. ಬೀದರ್ ಎತ್ತರದಲ್ಲಿದೆ. ಅಲ್ಲಿಯವರಿಗೆ ಹಿಂದೆ ಮುಂದೆ ಕೆಲವು ವಾರ ಹೆಚ್ಚು ಸಿಗುತ್ತವೆ.

ಎಷ್ಟು ಬೊಂಬೆಗೆ ಹೊಡೆಯಬೇಕು? ಮೊದಲು ನಿಮ್ಮ ವೇಗ ನೋಡಿ. ಎರಡು ವಾರಕ್ಕೆ ಐದು ಮುಗಿಸುತ್ತೀರಿ ಅಂದರೆ ಮಾರ್ಚ್‌ನಿಂದ ಮೇವರೆಗೆ ಸುಮಾರು 30. ಅಷ್ಟಕ್ಕೇ ಹೊಡೆಯಿರಿ. ಒಣಗಿದ ಮೇಲೆ ಮುಚ್ಚಳ ಇರುವ ಡಬ್ಬಿಯಲ್ಲೇ ಇಡಿ. ಪ್ರೈಮರಿನ ಮೈ ಸ್ವಲ್ಪ ಒರಟು, ನಮ್ಮ ಧೂಳು ಅದಕ್ಕೆ ಸುಮ್ನೆ ಬಂದು ಕೂರುತ್ತದೆ. ಒಮ್ಮೆ ಧೂಳಿನ ಮೇಲೆ ಬಣ್ಣ ಬಿದ್ದರೆ ತೆಗೆಯಲಾಗದು.

ಕ್ರಮ ಹೀಗಿದೆ.

1. ಹಿಂದಿನ ರಾತ್ರಿ ಬೊಂಬೆಗಳನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ, ನಿಮ್ಮ ಕೈಯ ಬೆವರು ಹೋಗಬೇಕು. ಪೂರ್ತಿ ಒಣಗಲಿ.

2. ಬಿಸಿಲು ಬೀಳದ ಜಾಗ ಆರಿಸಿ. ಮೆಟ್ಟಿಲ ಸಂದಿ, ವರಾಂಡ. ಮಾಳಿಗೆಯ ಫರ್ಶಿ ಹಿಂದಿನ ದಿನದ ಕಾವನ್ನು ಬೆಳಗ್ಗೆವರೆಗೂ ಹಿಡಿದಿರುತ್ತದೆ, ಮರೆಯಬೇಡಿ. ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಗಾಳಿಗೆ ಮರೆ ಮಾಡಿಕೊಳ್ಳಿ. ಮಾಸ್ಕ್ ಹಾಕಿ.

3. ಕ್ಯಾನನ್ನು ಪೂರ್ತಿ ಎರಡು ನಿಮಿಷ ಕುಲುಕಿ. ಗಡಿಯಾರ ನೋಡಿಯೇ ಕುಲುಕಿ, ಅಂದಾಜಿನ ಎರಡು ನಿಮಿಷ ನಿಜಕ್ಕೆ ಬರೀ ನಲವತ್ತು ಸೆಕೆಂಡು ಇರುತ್ತದೆ.

4. ಮೊದಲು ಒಂದು ಹಳೆಯ ಪ್ಲಾಸ್ಟಿಕ್ ಚಮಚಕ್ಕೆ ಹೊಡೆದು ಬೆರಳಾಡಿಸಿ. ನುಣುಪಾಗಿದ್ದರೆ ಮುಂದೆ. ಒರಟಾಗಿದ್ದರೆ ಆ ದಿನ ಬಿಡಿ.

5. ಒಂದು ಗೇಣಿನಷ್ಟು, ಅಂದರೆ 20ರಿಂದ 25 ಸೆಂಟಿಮೀಟರ್ ದೂರ. ಬೊಂಬೆಯ ಆಚೆ ಶುರು ಮಾಡಿ ಈಚೆ ನಿಲ್ಲಿಸಿ. ಚಿಕ್ಕ ಚಿಕ್ಕ ಎಳೆತ. ಮೊದಲ ಸಲವೇ ಪೂರ್ತಿ ಮುಚ್ಚಲು ಹೋಗಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೇ ತೆಳು ಪದರ.

6. ಒಂದು ದಿನ ಮುಟ್ಟಬೇಡಿ.

ಕ್ಯಾನನ್ನು ಗಾಡಿಯ ಡಿಕ್ಕಿಯಲ್ಲಿ, ಬಿಸಿಲಿನ ಕಿಟಕಿಯಲ್ಲಿ ಇಡಬೇಡಿ. 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬಾರದು ಅಂತ ಕ್ಯಾನಿನ ಮೇಲೇ ಬರೆದಿರುತ್ತದೆ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಕಾವು ಏರಲು ಮಧ್ಯಾಹ್ನ ಸಾಕು, ಅದು ಸಿಡಿಯಬಹುದು.

ಇದೆಲ್ಲ ಓದುವಾಗ ಈಗ ಏಪ್ರಿಲ್ ಆಗಿದ್ದರೆ? ಬ್ರಷ್‌ನಿಂದ ಹಚ್ಚುವ ಪ್ರೈಮರ್ ತನ್ನಿ. ತೆಳುವಾಗಿ ಎರಡು ಪದರ, ನಡುವೆ ಪೂರ್ತಿ ಒಣಗಲು ಬಿಡಿ. ನಿಧಾನದ ಕೆಲಸ, ಹೌದು. ಐದು ಬೊಂಬೆಗೆ ಒಂದು ಸಂಜೆ. ಆದರೆ ಯಾವ ಹವೆಯಲ್ಲೂ ಕೈ ಕೊಡುವುದಿಲ್ಲ.

## ಹಂತ 7: ಐದೈದಾಗಿ ಬಣ್ಣ

ಒಂದೊಂದಾಗಿ ಮಾಡಿದರೆ ಪ್ರತಿ ಸಲ ಒಣಗಲು ಕಾಯಬೇಕು. ಇಪ್ಪತ್ತು ಒಟ್ಟಿಗೆ ಹಿಡಿದರೆ ಇಪ್ಪತ್ತು ಬೂಟು ಬಳಿಯುವಷ್ಟರಲ್ಲಿ ಬೇಸರ ಬಂದು, ಇಪ್ಪತ್ತೂ ಮೂರನೇ ಡಬ್ಬಿಗೆ ಹೋಗುತ್ತವೆ. ಐದು ಸರಿಯಾದ ಸಂಖ್ಯೆ. ಐದನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಒಣಗಿರುತ್ತದೆ.

ಒಳಗಿನಿಂದ ಹೊರಗೆ ಬನ್ನಿ. ಮೊದಲು ಚರ್ಮ, ಆಮೇಲೆ ಒಳಬಟ್ಟೆ, ಮೇಲುಬಟ್ಟೆ, ಪಟ್ಟಿ, ಕೊನೆಗೆ ಆಯುಧ. ಒಳಗೆ ಬಳಿಯುವಾಗ ಕೈ ತಪ್ಪಿ ಹೊರಗೆ ತಾಕಿದರೆ ಮುಂದಿನ ಬಣ್ಣ ಅದನ್ನು ಮುಚ್ಚುತ್ತದೆ. ಉಲ್ಟಾ ಹೋದರೆ ದಿನವಿಡೀ ತಿದ್ದುವುದೇ ಕೆಲಸ.

ಬಣ್ಣ ಹಾಲಿನಷ್ಟು ತೆಳು ಇರಲಿ. ಮೊಸರಿನಷ್ಟು ಇದ್ದರೆ ಗೆರೆ ಮುಚ್ಚುತ್ತದೆ, ಮಜ್ಜಿಗೆ ನೀರಿನಂತಿದ್ದರೆ ಹರಿದು ಗುಂಡಿಗಳಲ್ಲಿ ನಿಲ್ಲುತ್ತದೆ. ಎರಡು ತೆಳು ಪದರ ಹಚ್ಚಿ, ಒಂದು ದಪ್ಪ ಪದರ ಬೇಡ. ಬಣ್ಣ ಬ್ರಷ್ಷಿನ ಕೂದಲಿನ ಅರ್ಧ ದಾಟಬಾರದು. ಲೋಹದ ಕೊಳವೆಯೊಳಗೆ ಹೋದರೆ ಕೂದಲು ಎರಡಾಗಿ ಒಡೆಯುತ್ತದೆ.

ಲೋಹದ ಬಣ್ಣಕ್ಕೆ ಕೆಳಗೆ ಕಪ್ಪು ಹಚ್ಚಿ. ಬಿದರಿ ಹೂಜಿಯ ಕರಿ ಮೈಮೇಲೆ ಬೆಳ್ಳಿ ಹೇಗೆ ಎದ್ದು ಕಾಣುತ್ತದೆ, ಅಲ್ವಾ? ಹಾಗೇ. ಇದಕ್ಕೆ ಬೇರೆ ಬ್ರಷ್, ಬೇರೆ ನೀರಿನ ಲೋಟ ಇಡಿ. ಒಂದೇ ಲೋಟ ಆದರೆ ಮುಂದಿನ ಬೊಂಬೆಯ ಮುಖದಲ್ಲಿ ಮಿಣುಕು ಮಿಣುಕು.

ಈಗ ಫ್ಯಾನಿನ ಸಮಸ್ಯೆ. ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನ್ ಇದ್ದರೆ ಬಣ್ಣ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ಮೂಲ ಬಣ್ಣ ಹಚ್ಚುವಾಗ ಫ್ಯಾನ್ ಇರಲಿ, ಆದರೆ ಅದರ ನೇರ ಕೆಳಗೆ ಕೂರಬೇಡಿ. ನಾಲ್ಕೈದು ಎಳೆತಕ್ಕೊಮ್ಮೆ ಬ್ರಷ್ ತೊಳೆಯಿರಿ. ವಾಷ್ ಹಾಕುವಾಗ ಮಾತ್ರ ಫ್ಯಾನ್ ಬಂದ್ ಮಾಡಿ. ಗಾಳಿಗೆ ಅಂಚು ಮೊದಲು ಒಣಗಿದರೆ ಮೇಜಿನ ಮೇಲೆ ಚಹಾ ಲೋಟ ಬಿಟ್ಟ ಹಾಗೆ ಕಲೆ ಉಳಿಯುತ್ತದೆ. ವಾಷ್ ಗುಂಡಿಯಲ್ಲಿ ನಿಂತರೆ ಒದ್ದೆ ಇರುವಾಗಲೇ ಖಾಲಿ ಬ್ರಷ್‌ನಿಂದ ಹೀರಿಕೊಳ್ಳಿ. ಅರ್ಧ ಒಣಗಿದ ಮೇಲೆ ಮುಟ್ಟಿದರೆ ಕಿತ್ತು ಬರುತ್ತದೆ. ನಾನು ಬೇಸಿಗೆಯಲ್ಲಿ ಬೆಳಗ್ಗೆ ಆರರಿಂದ ಏಳೂವರೆ ಮಾತ್ರ ಕೂರುತ್ತೇನೆ. ಆಗ ಫ್ಯಾನಿನ ತಕರಾರೇ ಇಲ್ಲ, ಕರೆಂಟ್ ಹೋದರೂ ಕಿಟಕಿ ಬೆಳಕು ಇರುತ್ತದೆ.

ವಾಷ್ ಒಣಗಿದ ಮೇಲೆ ಎದ್ದ ಭಾಗಗಳಿಗೆ ತಿಳಿ ಬಣ್ಣ. ರೋಮ, ಕವಚ, ಕಲ್ಲಿಗೆ ಡ್ರೈಬ್ರಷ್ ಸಾಕು. ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಏನೂ ಉಳಿದಿಲ್ಲ ಅನ್ನಿಸಿದ ಮೇಲೆ ಸವರಿ. ಇದಕ್ಕೆ ಹಳೆಯ ಬ್ರಷ್, ಒಳ್ಳೆಯದು ಹಾಳಾಗುತ್ತದೆ. ಒದ್ದೆ ಪ್ಯಾಲೆಟ್ಟಿನಲ್ಲಿ ಉಳಿದ ಬಣ್ಣ ಮುಚ್ಚಿಟ್ಟರೆ ಮಾರನೇ ದಿನಕ್ಕೂ ಬರುತ್ತದೆ. ಬೂಸ್ಟು ವಾಸನೆ ಬಂದರೆ ಸ್ಪಂಜು ತೊಳೆದು ಬಿಸಿಲಿಗೆ ಹಾಕಿ.

## ಹಂತ 8: ಬೇಸ್‌ಗೆ ಮಣ್ಣು ಊರಲ್ಲೇ ಇದೆ

ಬೇಸಿನ ಸಾಮಾನು ಬಂದಿಲ್ಲ ಅಂತ ಕಾಯುತ್ತ ಕೂತ ಬೊಂಬೆಗಳನ್ನು ನೋಡಿದ್ದೇನೆ. ಕಾಯಬೇಕಾಗಿಲ್ಲ. ಶಹಾಬಾದ್ ಫರ್ಶಿ ಕತ್ತರಿಸುವ ಕಡೆ ಬಿದ್ದ ಚಕ್ಕೆಗಳು ಪದರಪದರ ಬಂಡೆಯಂತೆಯೇ ಕಾಣುತ್ತವೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆಯ ಪುಡಿ ಮರುಭೂಮಿಗೆ ಸರಿ. ಎರೆಮಣ್ಣನ್ನು ಫೆವಿಕಾಲ್ ಬೆರೆಸಿ ದಪ್ಪಗೆ ಮೆತ್ತಿದರೆ ಒಣಗುತ್ತ ಬಿರುಕು ಬಿಡುತ್ತದೆ. ಹೊಲ ಬಿರಿಯುವ ಹಾಗೆಯೇ, ಚಿಕ್ಕದಾಗಿ. ಒಣ ತೊಗರಿ ಕಟ್ಟಿಗೆಯ ತುದಿ ಮುರಿದರೆ ಮರದ ಬೊಡ್ಡೆ.

ಮಣ್ಣನ್ನು ಜರಡಿ ಹಿಡಿದು, ಹಳೆಯ ತವೆಯ ಮೇಲೆ ಚೆನ್ನಾಗಿ ಹುರಿಯಿರಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬೇಸ್ ಬೂಸ್ಟು ಹಿಡಿಯುತ್ತದೆ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಮಣ್ಣು ಉದುರಿಸಿ, ಒಣಗಿದ ಮೇಲೆ ತೆಳು ಅಂಟು ಇನ್ನೊಂದು ಸಲ. ಕೊನೆಗೆ ಅಂಚಿಗೆ ಒಂದೇ ಬಣ್ಣ. ಎಲ್ಲ ಬೊಂಬೆಗಳಿಗೂ ಅದೇ ಇರಲಿ. ಬೇರೆ ಬೇರೆ ವರ್ಷದ ಬೊಂಬೆಗಳೂ ಆಗ ಒಂದೇ ಮನೆಯವರಂತೆ ಕಾಣುತ್ತವೆ.

## ಹಂತ 9: ವಾರ್ನಿಷ್

ಪ್ರೈಮರ್‌ಗೆ ಹೇಳಿದ ಹವಾಮಾನದ ಮಾತು ಇಲ್ಲಿ ಇನ್ನೂ ಬಿಗಿ. ತೇವದ ದಿನ ಮ್ಯಾಟ್ (ಹೊಳಪಿಲ್ಲದ) ಸ್ಪ್ರೇ ಹೊಡೆದರೆ ಮುಗಿದ ಬೊಂಬೆಯ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್‌ನಿಂದ ಹಚ್ಚುವ ವಾರ್ನಿಷ್ ಬಳಸಿ. ಮ್ಯಾಟ್ ಬಾಟಲಿಯನ್ನು ತುಂಬ ಕುಲುಕಬೇಕು, ಮಂಕು ಮಾಡುವ ಪುಡಿ ತಳದಲ್ಲಿ ಕೂತಿರುತ್ತದೆ. ಗುಳ್ಳೆ ಇಳಿಯಲು ಸ್ವಲ್ಪ ಬಿಟ್ಟು ತೆಳುವಾಗಿ ಹಚ್ಚಿ.

ಈಗಾಗಲೇ ಬಿಳಿ ಕೂತಿದ್ದರೆ ಗಾಬರಿಯಾಗಿ ತೊಳೆಯಬೇಡಿ. ಒಣ ದಿನ ನೋಡಿ ಬ್ರಷ್‌ನಿಂದ ಗ್ಲಾಸ್ (ಹೊಳಪಿನ) ವಾರ್ನಿಷ್ ಒಂದು ಪದರ ಹಚ್ಚಿ. ಬಹಳಷ್ಟು ಸಲ ಬಿಳಿ ಮಾಯವಾಗುತ್ತದೆ. ಮೇಲೆ ಮತ್ತೆ ಮ್ಯಾಟ್.

## ಹಂತ 10: ಮತ್ತೆ ನಿಂತುಹೋದರೆ

ಮದುವೆ ಸೀಸನ್, ಮಕ್ಕಳ ಪರೀಕ್ಷೆ, ಶರಣಬಸವೇಶ್ವರ ಜಾತ್ರೆಗೆ ಬರುವ ನೆಂಟರು. ಒಂದಲ್ಲ ಒಂದು ಕಾರಣಕ್ಕೆ ಕೆಲಸ ನಿಲ್ಲುತ್ತದೆ. ನಿಲ್ಲಿಸುವ ಮುನ್ನ ಐದು ನಿಮಿಷ ಕೊಡಿ: ಆ ಐದು ಬೊಂಬೆಗಳ ಚೀಟಿ ಬದಲಿಸಿ, ಡಬ್ಬಿಗೆ ಮುಚ್ಚಳ ಹಾಕಿ, ಬ್ರಷ್ಷನ್ನು ಸೋಪಿನಲ್ಲಿ ತೊಳೆದು ತುದಿ ಚೂಪು ಮಾಡಿ ಮಲಗಿಸಿ ಒಣಗಿಸಿ. ಪ್ಯಾಲೆಟ್ ಖಾಲಿ ಮಾಡಿ.

ಟೇಪ್ ಹಾಕಿದ ಮೊದಲ ಡಬ್ಬಿಯನ್ನು ತೆರೆಯುವ ಲೆಕ್ಕವೂ ಇಷ್ಟೇ: ಐದು ಮುಗಿದರೆ ಎರಡು ಹೊರಗೆ. ಹೊಸದಾಗಿ ಕೊಂಡದ್ದು ನೇರ ಆ ಡಬ್ಬಿಗೇ ಹೋಗಬೇಕು, ಮೇಜಿಗಲ್ಲ. ನಾನು ಇದನ್ನು ಎರಡು ಸಲ ಮುರಿದಿದ್ದೇನೆ. ಆ ಎರಡೂ ಪೆಟ್ಟಿಗೆ ಈಗ ಮೂರನೇ ಡಬ್ಬಿಯಲ್ಲಿವೆ.

ಎರಡು ತಿಂಗಳ ಮೇಲೆ ಮರಳಿ ಕೂತಾಗ ಮೊದಲ ದಿನ ಬಣ್ಣ ಕಲಸಬೇಡಿ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ಜಾಡಿಸಿ, ಬಾಟಲಿ ಕುಲುಕಿ, ಚೀಟಿ ಓದಿ. ಅಂಚು ಮಾತ್ರ ಬಾಕಿ ಇರುವ ಬೊಂಬೆ ಒಂದಾದರೂ ಇರುತ್ತದೆ. ಕಪ್ಪು ಬಣ್ಣದ ಬಾಟಲಿ ತೆಗೆದು ಅದನ್ನು ಮೊದಲು ಬಳಿಯಿರಿ.